ಅಲರ್ಜಿ ಮತ್ತು ಮಕ್ಕಳ ರಕ್ತಕ್ಯಾನ್ಸರ್: ಒಂದು ವಿವೇಚನೆ

ಕಠಿಣವಾದ ರೋಗಕ್ಕೆ ತುತ್ತಾದ ಮಗುವಿನ ತಂದೆತಾಯಿಗಳು ವೈದ್ಯರ ಮುಂದೆ ಇಡುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡು. ಮಗು ಗುಣ ಹೊಂದುವುದೇ ಎಂಬುದು ಮೊದಲನೆಯದು; ಈ ರೋಗ ನಮ್ಮ ಮಗುವಿಗೇ ಏಕೆ ಬಂದಿತು ಎಂಬುದು ಎರಡನೆಯದು. ಮಕ್ಕಳ ರಕ್ತಕ್ಯಾನ್ಸರಿನ ಮಟ್ಟಿಗೆ ಮೊದಲನೆಯ ಪ್ರಶ್ನೆಗೆ ಕಳೆದ ಏಳೆಂಟು ದಶಕಗಳಲ್ಲಿ ವೈದ್ಯಶಾಸ್ತ್ರವು ಬಹುಮಟ್ಟಿಗೆ ಆಶಾದಾಯಕವಾದ ಉತ್ತರವನ್ನು ದೊರಕಿಸಿಕೊಟ್ಟಿದೆ. ಎರಡನೆಯ ಪ್ರಶ್ನೆಯಾದರೋ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಅದರ ಉತ್ತರವನ್ನು ಅರಸುತ್ತ ಸಂಶೋಧಕರು ಹಿಡಿದ ಹಾದಿಗಳಲ್ಲಿ ಅಲರ್ಜಿಯ ಹಾದಿ ವಿಶೇಷ ಸ್ವಾರಸ್ಯವುಳ್ಳದ್ದು. ಉಬ್ಬಸ, ಇಸಬು, ಧೂಳು ಪರಾಗಗಳಿಂದ ಬರುವ ಸೀನು ನೆಗಡಿಗಳಿಂದ ನರಳುವ ಮಕ್ಕಳಿಗೆ ರಕ್ತಕ್ಯಾನ್ಸರ್ ಬರುವ ಸಂಭವ ಉಳಿದವರಿಗಿಂತ ಹೆಚ್ಚೋ ಕಡಮೆಯೋ? ಮೇಲುನೋಟಕ್ಕೆ ಸರಳವಾಗಿ ತೋರುವ ಈ ಪ್ರಶ್ನೆಗೆ ವಿವಿಧ ದೇಶಗಳ ವಿದ್ವಾಂಸರು ಪಡೆದ ಉತ್ತರಗಳು ಪರಸ್ಪರ ವಿರುದ್ಧವಾಗಿವೆ. ಆ ವಿರೋಧ ಹೇಗೆ ಉಂಟಾಯಿತು, ಅದರಿಂದ ಕಲಿಯತಕ್ಕದ್ದೇನು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ರೋಗದ ಸ್ವರೂಪ

ನಮ್ಮ ಎಲುಬುಗಳ ಒಳಗಿನ ಮಜ್ಜೆಯಲ್ಲಿ ರಕ್ತಕಣಗಳು ಹಗಲಿರುಳೂ ಹುಟ್ಟುತ್ತಿರುತ್ತವೆ. ಕೆಂಪು ಕಣಗಳು ಪ್ರಾಣವಾಯುವನ್ನು ಹೊತ್ತು ಸಾಗಿಸುತ್ತವೆ. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಕಿರುಬಿಲ್ಲೆಗಳು ಗಾಯವಾದೆಡೆ ರಕ್ತವನ್ನು ಹೆಪ್ಪುಗಟ್ಟಿಸುತ್ತವೆ. ಬಿಳಿಯ ಕಣಗಳು ಪಕ್ವವಾಗುವ ಮೊದಲೇ ಅಂಕೆ ತಪ್ಪಿ ವೃದ್ಧಿಯಾಗತೊಡಗಿ, ಮಜ್ಜೆಯನ್ನೆಲ್ಲ ಆಕ್ರಮಿಸಿ, ಉಳಿದ ಕಣಗಳಿಗೆ ಎಡೆಯಿಲ್ಲದಂತೆ ಮಾಡುವ ಸ್ಥಿತಿಯೇ ಲ್ಯುಕೇಮಿಯಾ. 1847ರಲ್ಲಿ ಈ ಹೆಸರನ್ನು ಕೊಟ್ಟವನು ಜರ್ಮನಿಯ ಪ್ರಸಿದ್ಧ ವೈದ್ಯ ರುಡಾಲ್ಫ್ ವಿರ್ಷೋ. ‘ಬಿಳಿಯ ರಕ್ತ’ ಎಂಬುದು ಅದರ ಅರ್ಥ. ಮಕ್ಕಳಲ್ಲಿ ಹೆಚ್ಚಾಗಿ ಕಂಡುಬರುವ ಪ್ರಕಾರಕ್ಕೆ ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ಹೆಸರು. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲೆಲ್ಲ ಇದರ ಸಂಖ್ಯೆಯೇ ದೊಡ್ಡದು. ಎರಡರಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಇದರ ಹಾವಳಿ ಅಧಿಕ.

1940ರ ದಶಕದವರೆಗೆ ಈ ರೋಗವೆಂದರೆ ಕೆಲವೇ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಸಾವು ಎಂದೇ ಅರ್ಥವಾಗಿತ್ತು. 1948ರಲ್ಲಿ ಬಾಸ್ಟನ್ ನಗರದ ಸಿಡ್ನಿ ಫಾರ್ಬರ್ ಅವರು ಅಮಿನಾಪ್ಟೆರಿನ್ ಎಂಬ ಔಷಧವನ್ನು 16 ಮಕ್ಕಳಿಗೆ ಕೊಟ್ಟು, ಅವರಲ್ಲಿ 10 ಮಕ್ಕಳು ಕೆಲಕಾಲ ಚೇತರಿಸಿಕೊಂಡುದನ್ನು ಪ್ರಕಟಿಸಿದರು. ಆ ಔಷಧವು ಸಿದ್ಧವಾದದ್ದು ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ನೇತೃತ್ವದಲ್ಲಿ ಎಂಬುದು ಭಾರತೀಯರು ಅಭಿಮಾನಪಡತಕ್ಕ ಸಂಗತಿ. ಅಂದಿನ ತಾತ್ಕಾಲಿಕ ಚೇತರಿಕೆಯಿಂದ ಆರಂಭವಾದ ಪ್ರಯತ್ನ ಹಲವು ಔಷಧಗಳ ಸಂಯುಕ್ತ ಚಿಕಿತ್ಸೆಯಾಗಿ ಬೆಳೆಯಿತು. ಇಂದು ಸಂಪನ್ನ ರಾಷ್ಟ್ರಗಳಲ್ಲಿ ಈ ರೋಗಕ್ಕೆ ತುತ್ತಾದ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಕ್ಕಳು ಬದುಕಿ ಬಾಳುತ್ತಾರೆ.

ಅಲರ್ಜಿ ಎಂದರೇನು?

‘ಅಲರ್ಜಿ’ ಎಂಬ ಶಬ್ದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಆತ ರಚಿಸಿದ ಈ ಶಬ್ದಕ್ಕೆ ‘ಬೇರೆಯ ಬಗೆಯ ಪ್ರತಿಕ್ರಿಯೆ’ ಎಂದು ಭಾವಾರ್ಥ ಹೇಳಬಹುದು. ನಿರುಪದ್ರವಿಯಾದ ಒಂದು ಪದಾರ್ಥವನ್ನು, ಅದು ಪರಾಗವಿರಲಿ, ಧೂಳಿರಲಿ, ಶೇಂಗಾ ಕಾಳಿರಲಿ, ದೇಹವು ಶತ್ರುವೆಂದು ಭ್ರಮಿಸಿ ಅದರ ಮೇಲೆ ಸಮರ ಸಾರುವುದೇ ಅಲರ್ಜಿ. ಈ ಸಮರದ ಮುಖ್ಯ ಆಯುಧವಾದ ಪ್ರತಿಕಾಯವನ್ನು 1966–67ರಲ್ಲಿ ಅಮೆರಿಕದ ಡೆನ್ವರಿನಲ್ಲಿದ್ದ ಇಷಿಜಾಕಾ ದಂಪತಿಗಳೂ ಸ್ವೀಡನ್ನಿನ ಯೋಹಾನ್ಸನ್ ಮತ್ತು ಬೆನಿಕ್ ಎಂಬ ವಿಜ್ಞಾನಿಗಳೂ ಪ್ರತ್ಯೇಕವಾಗಿ ಕಂಡುಹಿಡಿದರು. ಇಮ್ಯುನೋಗ್ಲಾಬ್ಯುಲಿನ್ ‘ಇ’ ಎಂದು ಅದಕ್ಕೆ 1968ರಲ್ಲಿ ನಾಮಕರಣವಾಯಿತು.

ರಕ್ತಕ್ಯಾನ್ಸರಾಗಲಿ ಅಲರ್ಜಿಯಾಗಲಿ ದೇಹದ ರಕ್ಷಣಾವ್ಯವಸ್ಥೆಗೆ ಸಂಬಂಧಿಸಿದ ವಿಕಾರಗಳೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮೊದಲನೆಯದರಲ್ಲಿ ಕಾವಲುಗಾರರೇ ಅಂಕೆ ಮೀರಿ ಬೆಳೆಯುತ್ತಾರೆ. ಎರಡನೆಯದರಲ್ಲಿ ಕಾವಲುಗಾರರು ಅತಿಥಿಯನ್ನು ಕಳ್ಳನೆಂದು ತಿಳಿಯುತ್ತಾರೆ. ಒಂದೇ ಮನೆತನದ ಈ ಎರಡು ವಿಕಾರಗಳ ನಡುವೆ ಏನಾದರೊಂದು ನಂಟು ಇರಬೇಕೆಂದು ವಿದ್ವಾಂಸರು ಊಹಿಸಿದುದು ಸಹಜವೇ ಆಗಿದೆ.

ಎರಡು ತರ್ಕಗಳು

ಆದರೆ ಆ ನಂಟು ಯಾವ ಬಗೆಯದು? ಇಲ್ಲಿ ಎರಡು ತರ್ಕಗಳು ಎದುರುಬದುರಾಗಿ ನಿಲ್ಲುತ್ತವೆ.

ಮೊದಲನೆಯದು ಜಾಗರೂಕತೆಯ ತರ್ಕ. ಅಲರ್ಜಿಯುಳ್ಳ ಮಗುವಿನ ರಕ್ಷಣಾವ್ಯವಸ್ಥೆ ಸದಾ ಎಚ್ಚತ್ತಿರುತ್ತದೆ. ಅಂತಹ ದೇಹದಲ್ಲಿ ದಾರಿತಪ್ಪಿದ ಒಂದು ಕಣ ಹುಟ್ಟಿಕೊಂಡರೂ ಅದು ಬೆಳೆಯುವ ಮೊದಲೇ ನಾಶವಾಗಬಹುದು. ಆದುದರಿಂದ ಅಲರ್ಜಿಯುಳ್ಳ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಕಡಮೆಯಿರಬೇಕು.

ಎರಡನೆಯದು ಅಭ್ಯಾಸದ ತರ್ಕ. ಬ್ರಿಟನ್ನಿನ ಡೇವಿಡ್ ಸ್ಟ್ರಾಕನ್ ಅವರು 1958ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಜನಿಸಿದ 17,414 ಮಕ್ಕಳ ವಿವರಗಳನ್ನು ಪರಿಶೀಲಿಸಿ 1989ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಣ್ಣ ಅಕ್ಕಂದಿರು ಹೆಚ್ಚಾಗಿದ್ದ ಮಕ್ಕಳಿಗೆ ಪರಾಗದ ಅಲರ್ಜಿ ಕಡಮೆ ಎಂಬುದು ಅವರಿಗೆ ಕಂಡುಬಂದಿತು. ಹಿರಿಯ ಮಕ್ಕಳು ಮನೆಗೆ ತರುವ ಸಣ್ಣಪುಟ್ಟ ಸೋಂಕುಗಳು ಕಿರಿಯ ಮಗುವಿನ ದೇಹಕ್ಕೆ ಶತ್ರು ಮಿತ್ರರ ಭೇದವನ್ನು ಕಲಿಸುತ್ತವೆ ಎಂದು ಅವರು ಸೂಚಿಸಿದರು. ಇದಕ್ಕೆ ಒಂದು ವರ್ಷ ಮೊದಲು, 1988ರಲ್ಲಿ, ಲಂಡನ್ನಿನ ಮೆಲ್ ಗ್ರೀವ್ಸ್ ಅವರು ರಕ್ತಕ್ಯಾನ್ಸರಿನ ಬಗೆಗೂ ಇಂತಹುದೇ ಊಹೆಯನ್ನು ಮುಂದಿಟ್ಟಿದ್ದರು. ಶೈಶವದಲ್ಲಿ ಸಾಮಾನ್ಯ ಸೋಂಕುಗಳ ಪರಿಚಯವೇ ಆಗದ ಮಗುವಿಗೆ ತಡವಾಗಿ ಸೋಂಕು ತಗುಲಿದಾಗ ದೇಹವು ಅತಿಯಾಗಿ ಪ್ರತಿಕ್ರಿಯಿಸಿ, ಮೊದಲೇ ದೋಷಗೊಂಡ ಕಣವನ್ನು ಕ್ಯಾನ್ಸರಿನತ್ತ ತಳ್ಳಬಹುದು ಎಂಬುದು ಅದರ ಸಾರ. ಈ ತರ್ಕದಂತೆ ಅಲರ್ಜಿಯೂ ರಕ್ತಕ್ಯಾನ್ಸರೂ ಒಂದೇ ಕೊರತೆಯ ಫಲಗಳು. ಆದುದರಿಂದ ಅವು ಜೊತೆಜೊತೆಯಾಗಿ ಕಾಣಿಸಿಕೊಳ್ಳಬೇಕು.

ಎರಡೂ ತರ್ಕಗಳು ಸುಸಂಗತವಾಗಿವೆ. ಎರಡೂ ಏಕಕಾಲಕ್ಕೆ ಪೂರ್ಣವಾಗಿ ನಿಜವಾಗಲಾರವು. ಇಂತಹ ಸಂದರ್ಭದಲ್ಲಿ ಮಕ್ಕಳನ್ನೇ ಎಣಿಸಿ ನೋಡದೆ ಗತ್ಯಂತರವಿಲ್ಲ.

ಎಣಿಕೆಯ ವಿಧಾನ

ಸಂಪನ್ನ ರಾಷ್ಟ್ರಗಳಲ್ಲಿ ಸುಮಾರು 2,000 ಮಕ್ಕಳಲ್ಲಿ ಒಂದು ಮಗುವಿಗೆ ಹದಿನೈದು ವರ್ಷ ತುಂಬುವುದರೊಳಗೆ ಈ ರೋಗ ತಗುಲುತ್ತದೆ. ಅಂದರೆ 500 ರೋಗಿಗಳ ವಿವರ ಬೇಕಾದರೆ 10 ಲಕ್ಷ ಶಿಶುಗಳನ್ನು ಹುಟ್ಟಿನಿಂದ ಹದಿನೈದು ವರ್ಷಗಳವರೆಗೆ ಗಮನಿಸುತ್ತಿರಬೇಕು. ಇದು ಸುಲಭಸಾಧ್ಯವಲ್ಲ. ಆದಕಾರಣ ಸಂಶೋಧಕರು ಹಿಮ್ಮುಖವಾಗಿ ಸಾಗುತ್ತಾರೆ. ರೋಗಿಗಳಾದ ಮಕ್ಕಳ ಒಂದು ಗುಂಪನ್ನೂ ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಇನ್ನೊಂದು ಗುಂಪನ್ನೂ ಆರಿಸಿಕೊಂಡು, ಇಬ್ಬರ ತಾಯಂದಿರನ್ನೂ ಹಿಂದಿನ ಸಂಗತಿಗಳ ಬಗ್ಗೆ ವಿಚಾರಿಸುತ್ತಾರೆ.

ಈ ಗಣಿತವನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಲ್ಲನು. ಉದಾಹರಣೆಗೆ, ರೋಗಿಗಳಾದ 100 ಮಕ್ಕಳಲ್ಲಿ 20 ಮಕ್ಕಳಿಗೆ ಹಿಂದೆ ಅಲರ್ಜಿ ಇತ್ತೆಂದೂ, ಆರೋಗ್ಯವಂತರಾದ 100 ಮಕ್ಕಳಲ್ಲಿ 25 ಮಕ್ಕಳಿಗೆ ಇತ್ತೆಂದೂ ಇಟ್ಟುಕೊಳ್ಳಬಹುದು. ಮೊದಲ ಗುಂಪಿನಲ್ಲಿ ಅಲರ್ಜಿ ಇದ್ದವರಿಗೂ ಇಲ್ಲದವರಿಗೂ ಇರುವ ಪ್ರಮಾಣ 20ಕ್ಕೆ 80, ಅಂದರೆ ನಾಲ್ಕರಲ್ಲೊಂದು ಪಾಲು. ಎರಡನೆಯ ಗುಂಪಿನಲ್ಲಿ 25ಕ್ಕೆ 75, ಅಂದರೆ ಮೂರರಲ್ಲೊಂದು ಪಾಲು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 0.75 ಬರುತ್ತದೆ. ಈ ಅನುಪಾತ 1 ಆಗಿದ್ದರೆ ಸಂಬಂಧವಿಲ್ಲವೆಂದೂ, 1ಕ್ಕಿಂತ ಕಡಮೆಯಾಗಿದ್ದರೆ ಅಲರ್ಜಿಯುಳ್ಳವರಲ್ಲಿ ರೋಗ ವಿರಳವೆಂದೂ, ಹೆಚ್ಚಾಗಿದ್ದರೆ ಅಧಿಕವೆಂದೂ ತಿಳಿಯಬೇಕು.

ಅಮೆರಿಕದಲ್ಲಿ ಈ ಕ್ರಮದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 1,842 ರೋಗಿಗಳನ್ನೂ 1,986 ಆರೋಗ್ಯವಂತರನ್ನೂ ಹೋಲಿಸಲಾಯಿತು. ದೊರೆತ ಅನುಪಾತ ಸುಮಾರು 0.7. ಜರ್ಮನಿ ಮತ್ತು ಬ್ರಿಟನ್ನುಗಳಿಂದಲೂ ಇದೇ ದಿಕ್ಕಿನ ಫಲಿತಾಂಶಗಳು ಬಂದುವು. 2010ರಲ್ಲಿ ಅಮೆರಿಕದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಅಲರ್ಜಿಗಳಿಗೆ ಸಮಗ್ರವಾಗಿ 0.69, ಪರಾಗದ ಅಲರ್ಜಿಗೆ 0.55 ಎಂಬ ಅನುಪಾತಗಳು ದೊರೆತುವು. ಜಾಗರೂಕತೆಯ ತರ್ಕವೇ ಗೆದ್ದಿತೆಂದು ಹಲವರಿಗೆ ತೋರಿತು.

ನೆನಪು ಮತ್ತು ದಾಖಲೆ

ಆದರೆ ಈ ಎಲ್ಲ ಲೆಕ್ಕಗಳ ತಳಹದಿ ಬಹುಮಟ್ಟಿಗೆ ತಾಯಂದಿರ ನೆನಪು ಎಂಬುದನ್ನು ಮರೆಯಲಾಗದು. ಮಗುವಿಗೆ ರಕ್ತಕ್ಯಾನ್ಸರ್ ಇದೆಯೆಂದು ತಿಳಿದು ಆಸ್ಪತ್ರೆಯಲ್ಲಿ ಕುಳಿತಿರುವ ತಾಯಿಯನ್ನು ಕುರಿತು, ‘ಎರಡು ವರ್ಷಗಳ ಹಿಂದೆ ಮಗುವಿನ ಮೊಣಕೈಯ ಮಡಿಕೆಯಲ್ಲಿ ಇಸಬು ಎದ್ದಿತ್ತೇ?’ ಎಂದು ಕೇಳಿದರೆ ಆಕೆ ಏನು ಹೇಳಿಯಾಳು? ಇಂದಿನ ಮಹಾಸಂಕಟದ ಮುಂದೆ ಅಂದಿನ ಕಡಿತ ಕೆರೆತಗಳು ನೆನಪಿನಿಂದ ಜಾರಿಹೋಗಿರುವುದು ಅಸಂಭವವಲ್ಲ. ಆರೋಗ್ಯವಂತ ಮಗುವಿನ ತಾಯಿಗಾದರೋ ಆ ಇಸಬೇ ದೊಡ್ಡ ಚಿಂತೆ. ಅದು ನೆನಪಿನಲ್ಲಿ ಉಳಿದಿರುತ್ತದೆ.

ಮೇಲಿನ ಉದಾಹರಣೆಯನ್ನೇ ಮತ್ತೆ ನೋಡಬಹುದು. ವಾಸ್ತವವಾಗಿ ಎರಡೂ ಗುಂಪುಗಳಲ್ಲಿ 25 ಮಕ್ಕಳಿಗೆ ಅಲರ್ಜಿ ಇದ್ದು, ರೋಗಿಗಳ ಗುಂಪಿನ ಐದು ಜನ ತಾಯಂದಿರು ಮಾತ್ರ ಅದನ್ನು ಮರೆತಿದ್ದರೆ ಸಾಕು. 25 ಹೋಗಿ 20 ಆಗುತ್ತದೆ, 1 ಇರಬೇಕಾದ ಅನುಪಾತ 0.75 ಆಗುತ್ತದೆ. ನೂರು ಜನರಲ್ಲಿ ಐದು ಜನರ ಮರೆವಿನಿಂದ, ಇಲ್ಲದ ಒಂದು ರಕ್ಷಣೆ ಕಾಗದದ ಮೇಲೆ ಹುಟ್ಟಿಕೊಳ್ಳುತ್ತದೆ! ಇದರೊಡನೆ ಇನ್ನೊಂದು ತೊಡಕೂ ಇದೆ. ಆರೋಗ್ಯವಂತರ ಗುಂಪಿಗೆ ಸೇರಲು ಒಪ್ಪುವವರು ಸಾಮಾನ್ಯವಾಗಿ ವಿದ್ಯಾವಂತರು, ಅನುಕೂಲಸ್ಥರು. ಅಂತಹ ಮನೆಗಳಲ್ಲಿ ಅಲರ್ಜಿಯನ್ನು ಗುರುತಿಸಿ ಹೇಳುವವರು ಹೆಚ್ಚಾಗಿದ್ದರೆ ಆಗಲೂ ಲೆಕ್ಕ ಓರೆಯಾಗುತ್ತದೆ.

ಆದುದರಿಂದ ಕೆಲವರು ನೆನಪನ್ನು ಬಿಟ್ಟು, ರೋಗ ಬರುವುದಕ್ಕೆ ಮುಂಚೆಯೇ ವೈದ್ಯರು ಬರೆದಿಟ್ಟಿದ್ದ ದಾಖಲೆಗಳನ್ನು ಆಶ್ರಯಿಸಿದರು. 2004ರಲ್ಲಿ ಅಮೆರಿಕದಿಂದ ಪ್ರಕಟವಾದ ಅಂತಹ ಒಂದು ಅಧ್ಯಯನದಲ್ಲಿ ಫಲಿತಾಂಶವು ತಿರುಗುಮುರುಗಾಗಿತ್ತು. ಅಲರ್ಜಿಯ ದಾಖಲೆಯಿದ್ದ ಮಕ್ಕಳಲ್ಲಿ ರಕ್ತಕ್ಯಾನ್ಸರ್ ಹೆಚ್ಚಾಗಿ ಕಂಡುಬಂದಿತು. 2012ರಲ್ಲಿ ತೈವಾನಿನ ರಾಷ್ಟ್ರೀಯ ಆರೋಗ್ಯ ವಿಮೆಯ ದಾಖಲೆಗಳನ್ನು ಪರಿಶೀಲಿಸಿದವರಿಗೂ ಅದೇ ಕಂಡಿತು. ಸೋಂಕುಗಳ ವಿಷಯದಲ್ಲೂ ಇಂತಹುದೇ ಅನುಭವವಾಗಿತ್ತು. ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ತಾಯಂದಿರ ಹೇಳಿಕೆಗೂ ವೈದ್ಯರ ಟಿಪ್ಪಣಿಗೂ ಹೊಂದಾಣಿಕೆ ಕಂಡುಬರಲಿಲ್ಲ. ಮುಂದೆ ರೋಗಿಗಳಾದ ಮಕ್ಕಳಿಗೆ ಮೊದಲ ವರ್ಷದಲ್ಲಿ ಹೆಚ್ಚು ಸಲ ಸೋಂಕು ತಗುಲಿತ್ತೆಂದು 2007ರಲ್ಲಿ ಆ ಟಿಪ್ಪಣಿಗಳು ತಿಳಿಸಿದುವು.

ಹಾಗಾದರೆ ದಾಖಲೆಯೇ ಸತ್ಯವೆಂದು ತೀರ್ಮಾನಿಸಬಹುದೇ? ಅಲ್ಲಿಯೂ ಎಚ್ಚರ ಅಗತ್ಯ. ರೋಗವು ಬಯಲಾಗುವುದಕ್ಕೆ ಎಷ್ಟೋ ಮೊದಲು ಮಜ್ಜೆಯೊಳಗೆ ಅದರ ಕಾರ್ಯ ಆರಂಭವಾಗಿರುತ್ತದೆ. ಆ ಅವಧಿಯಲ್ಲಿ ಮಗುವಿನ ಮೈಮೇಲೆ ಏಳುವ ಗಂಧೆ, ಬಿಡದ ಕೆಮ್ಮು ಮೊದಲಾದುವು ರೋಗದ ಕಾರಣಗಳಾಗಿರದೆ ಅದರ ಮುನ್ಸೂಚನೆಗಳೇ ಆಗಿರಬಹುದು. ತೈವಾನಿನ ಅಧ್ಯಯನದಲ್ಲಿ ರೋಗನಿರ್ಣಯಕ್ಕೆ ಒಂದು ವರ್ಷಕ್ಕೂ ಹಿಂದಿನ ಅಲರ್ಜಿಗಳನ್ನು ಬೇರೆಯಾಗಿ ಎಣಿಸಿದಾಗ ಹೆಚ್ಚಳವು ತಗ್ಗಿತು, ಆದರೆ ಅಳಿಯಲಿಲ್ಲ. ಅಲ್ಲದೆ, ಪದೇ ಪದೇ ವೈದ್ಯರ ಬಳಿಗೆ ಹೋಗುವ ಮಗುವಿನ ಹೆಸರಿನಲ್ಲಿ ದಾಖಲೆಗಳೂ ಹೆಚ್ಚಾಗಿರುವುದು ಸಹಜ.

ಮರೆಯದ ಸಾಕ್ಷಿ

ಮರೆವೂ ಇಲ್ಲದ, ಓರೆಯೂ ಇಲ್ಲದ ಸಾಕ್ಷಿಯೊಂದು ಬೇಕೆಂದು ಹುಡುಕುತ್ತಿದ್ದವರ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಕಾಗದ. ನವಜಾತ ಶಿಶುವಿನ ಹಿಮ್ಮಡಿಯನ್ನು ಚುಚ್ಚಿ ತೆಗೆದ ರಕ್ತದ ಹನಿಗಳನ್ನು ದಪ್ಪ ಕಾಗದದ ಮೇಲೆ ಇಂಗಿಸಿ, ಹುಟ್ಟಿನಿಂದಲೇ ಬರುವ ಕೆಲವು ದೋಷಗಳನ್ನು ಪತ್ತೆಹಚ್ಚುವ ಕ್ರಮವನ್ನು 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ಬಳಕೆಗೆ ತಂದರು. ಪಾಶ್ಚಾತ್ಯ ದೇಶಗಳ ಹಲವೆಡೆ ಆ ಕಾಗದಗಳನ್ನು ವರ್ಷಾನುಗಟ್ಟಲೆ ಕಾಪಿಟ್ಟಿರುತ್ತಾರೆ. 1997ರಲ್ಲಿ ಗ್ರೀವ್ಸ್ ಮತ್ತು ಅವರ ಸಂಗಡಿಗರು, ಮುಂದೆ ರಕ್ತಕ್ಯಾನ್ಸರಿಗೆ ತುತ್ತಾದ ಮಕ್ಕಳ ಹುಟ್ಟಿನ ರಕ್ತದ ಕಲೆಗಳಲ್ಲೇ ಆ ರೋಗದ ವಂಶವಾಹಿ ದೋಷವು ಅಡಗಿತ್ತೆಂದು ತೋರಿಸಿಕೊಟ್ಟರು. ರೋಗದ ಮೊದಲ ಹೆಜ್ಜೆ ತಾಯಿಯ ಗರ್ಭದಲ್ಲೇ ಬಿದ್ದಿರಬಹುದೆಂದು ಇದರಿಂದ ಸಿದ್ಧವಾಯಿತು. ಆದರೆ ಆ ಹೆಜ್ಜೆಯೊಂದೇ ಸಾಲದು. ಒಂದೇ ಅಂಡದಿಂದ ಜನಿಸಿದ ಅವಳಿಗಳಲ್ಲಿ ಒಂದು ಮಗುವಿಗೆ ರೋಗ ಬಂದಾಗ ಇನ್ನೊಂದಕ್ಕೂ ಬರುವುದು ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಮಾತ್ರ. ಜನನಾನಂತರ ಮತ್ತೊಂದು ಆಘಾತ ಒದಗಿದಾಗಲೇ ರೋಗವು ಪ್ರಕಟವಾಗುತ್ತದೆ.

2011ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇಂತಹ ರಕ್ತದ ಕಲೆಗಳಲ್ಲೇ ಇನ್ನೊಂದು ಸಂಗತಿಯನ್ನು ಕಂಡರು. ಉರಿಯೂತವನ್ನು ಹದ್ದಿನಲ್ಲಿಡುವ ಇಂಟರ್‌ಲ್ಯೂಕಿನ್–10 ಎಂಬ ಪದಾರ್ಥವು, ಮುಂದೆ ರೋಗಿಗಳಾದ ಮಕ್ಕಳಲ್ಲಿ ಹುಟ್ಟಿದಾಗಲೇ ಕಡಮೆಯಾಗಿತ್ತು. ಇದು ದೃಢಪಟ್ಟಲ್ಲಿ ಚಿತ್ರವೇ ಬದಲಾಗುತ್ತದೆ. ಸೋಂಕು ತಗುಲಿದಾಗ ಅತಿಯಾಗಿ ಉರಿಯುವ, ಅಲರ್ಜಿಗೂ ಎಡೆಗೊಡುವ ಒಂದು ದೇಹಪ್ರಕೃತಿಯೊಡನೆಯೇ ಕೆಲವು ಮಕ್ಕಳು ಜನಿಸುತ್ತಿರಬಹುದು. ಆಗ ಅಲರ್ಜಿಯು ರಕ್ತಕ್ಯಾನ್ಸರಿನ ಕಾರಣವೂ ಅಲ್ಲ, ತಡೆಯೂ ಅಲ್ಲ; ಒಂದೇ ಬೇರಿನಿಂದ ಒಡೆದ ಎರಡು ಕವಲುಗಳು ಅವು. ಕಂಬಳಿಯ ಕೊಪ್ಪೆ ಹೊದ್ದವರು ಹೆಚ್ಚಾಗಿ ಕಾಣುವ ದಿನ ಹಾದಿಯಲ್ಲಿ ಕೆಸರೂ ಹೆಚ್ಚಾಗಿರುತ್ತದೆ. ಕೊಪ್ಪೆಯಿಂದ ಕೆಸರಾಯಿತೆಂದು ಯಾರೂ ಹೇಳರು. ಎರಡಕ್ಕೂ ಮಳೆಯೇ ಕಾರಣ.

ಇಷ್ಟರ ನಡುವೆ ಒಂದು ಅಂಶ ಮಾತ್ರ ಹಲವು ದೇಶಗಳಲ್ಲಿ ಸ್ಥಿರವಾಗಿ ನಿಂತಿದೆ. 11 ಅಧ್ಯಯನಗಳ 7,399 ರೋಗಿಗಳನ್ನೂ 11,181 ಆರೋಗ್ಯವಂತರನ್ನೂ ಒಟ್ಟಿಗೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ವರದಿಯಂತೆ, ಮೊದಲ ವರ್ಷದಲ್ಲೇ ಶಿಶುಪಾಲನಾ ಕೇಂದ್ರಗಳಲ್ಲಿ ಇತರ ಮಕ್ಕಳೊಡನೆ ಬೆರೆತ ಶಿಶುಗಳಿಗೆ ಅನುಪಾತವು 0.77. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಕುಡಿದವರಲ್ಲೂ ರೋಗ ಸ್ವಲ್ಪ ಕಡಮೆ. ಶೈಶವದ ಅನುಭವಗಳು ದೇಹದ ರಕ್ಷಣಾವ್ಯವಸ್ಥೆಯನ್ನು ತಿದ್ದುತ್ತವೆ ಎಂಬ ಅಭ್ಯಾಸದ ತರ್ಕಕ್ಕೆ ಇದು ಬೆಂಬಲವೀಯುತ್ತದೆ.

ಮನೆಗೂ ಶಾಲೆಗೂ ಅನ್ವಯ

ಈ ವಿವೇಚನೆಯಿಂದ ವ್ಯಾವಹಾರಿಕವಾಗಿ ತಿಳಿಯತಕ್ಕ ಅಂಶಗಳು ಕೆಲವಿವೆ. ಮೊದಲನೆಯದಾಗಿ, ಮಗುವಿಗೆ ಉಬ್ಬಸವೋ ಇಸಬೋ ಇದೆಯೆಂದು ರಕ್ತಕ್ಯಾನ್ಸರಿನ ಭಯಕ್ಕೆ ಒಳಗಾಗಬೇಕಾಗಿಲ್ಲ. ಅದರಿಂದ ರಕ್ಷಣೆ ದೊರೆಯಿತೆಂದು ಚಿಕಿತ್ಸೆಯನ್ನು ಅಲಕ್ಷಿಸಲೂ ಬಾರದು. 2,000 ಮಕ್ಕಳಲ್ಲಿ ಒಬ್ಬರಿಗೆ ಬರುವ ರೋಗದಲ್ಲಿ ಅನುಪಾತವು ತುಸು ಏರಿದರೂ ಇಳಿದರೂ ಒಂದು ಮಗುವಿನ ಮಟ್ಟಿಗೆ ಆಗುವ ವ್ಯತ್ಯಾಸ ಅತ್ಯಲ್ಪ. ಎರಡನೆಯದಾಗಿ, ಸೋಂಕಿನಿಂದ ಅಭ್ಯಾಸವಾಗುತ್ತದೆಂದು ಶುಚಿತ್ವವನ್ನು ತೊರೆಯುವುದೂ ಲಸಿಕೆಗಳನ್ನು ತಪ್ಪಿಸುವುದೂ ಅವಿವೇಕ. ವಾಂತಿಭೇದಿ, ದಡಾರಗಳಿಂದ ಮಕ್ಕಳನ್ನು ಕಾಪಾಡಿರುವುದು ಸಾಬೂನು, ಶುದ್ಧ ನೀರು ಮತ್ತು ಲಸಿಕೆಗಳೇ.

ಮೂರನೆಯ ಅಂಶ ಶಿಕ್ಷಕರಿಗೆ ಸಂಬಂಧಿಸಿದ್ದು. ವಾರಗಟ್ಟಲೆ ಬಿಡದ ಜ್ವರ, ದಿನೇ ದಿನೇ ಬಿಳಿಚಿಕೊಳ್ಳುವ ಮುಖ, ಆಟದಲ್ಲಿ ನಿರುತ್ಸಾಹ, ಪೆಟ್ಟಿಲ್ಲದೆ ಮೂಡುವ ನೀಲಿ ಕಲೆಗಳು, ಒಸಡಿನಲ್ಲಿ ರಕ್ತ, ಕೈಕಾಲುಗಳ ಎಲುಬು ನೋವು, ಕೊರಳಿನಲ್ಲಿ ಗಂಟುಗಳು ಒಂದು ಮಗುವಿನಲ್ಲಿ ಕಂಡುಬಂದರೆ ಪಾಲಕರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸುವಂತೆ ಹೇಳುವುದು ಕರ್ತವ್ಯ. ಈ ಲಕ್ಷಣಗಳು ಬಹುತೇಕ ಬೇರೆ ಸಾಮಾನ್ಯ ಕಾರಣಗಳಿಂದಲೇ ಬರುತ್ತವೆಯಾದರೂ ಪರೀಕ್ಷೆಯಿಂದ ನಷ್ಟವಿಲ್ಲ. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯೇ ಮೊದಲಾಗಿ ನಮ್ಮ ನಾಡಿನಲ್ಲೂ ಇದಕ್ಕೆ ಚಿಕಿತ್ಸೆ ಉಂಟು. ಚಿಕಿತ್ಸೆ ಎರಡು ವರ್ಷಗಳಿಗೂ ಮೇಲ್ಪಟ್ಟು ನಡೆಯುವುದರಿಂದ ಬಡ ಕುಟುಂಬಗಳು ನಡುವೆಯೇ ಕೈಬಿಡುವ ಸಂದರ್ಭಗಳುಂಟು. ಅಂತಹ ವೇಳೆಯಲ್ಲಿ ನೆರವಿಗೆ ನಿಲ್ಲುವ ದಾನಿಗಳ ಹಸ್ತವು ಔಷಧದಷ್ಟೇ ಬೆಲೆಯುಳ್ಳದ್ದು.

ಕೊನೆಯದಾಗಿ, ‘ನಮ್ಮ ಮಗುವಿಗೇ ಏಕೆ?’ ಎಂದು ಕೇಳುವ ತಂದೆತಾಯಿಗಳ ಪ್ರಶ್ನೆಯಲ್ಲಿ ಮರೆಯಾಗಿ ಇನ್ನೊಂದು ಅಳಲು ಇರುತ್ತದೆ: ‘ನಮ್ಮಿಂದ ಏನಾದರೂ ತಪ್ಪಾಯಿತೇ?’ ಮಗುವನ್ನು ಅತಿ ಜೋಪಾನವಾಗಿ ಬೆಳೆಸಿದೆವೇ, ಧೂಳಿಗೆ ಬಿಟ್ಟೆವೇ, ಅಲರ್ಜಿಯನ್ನು ಅಲಕ್ಷಿಸಿದೆವೇ ಎಂದು ಅವರು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಇದುವರೆಗಿನ ಸಂಶೋಧನೆಯಲ್ಲಿ ಅವರನ್ನು ದೋಷಿಗಳೆನ್ನಲು ಯಾವ ಆಧಾರವೂ ಇಲ್ಲ. ಗರ್ಭದಲ್ಲಿ ಆಕಸ್ಮಿಕವಾಗಿ ಸಂಭವಿಸಿದ ಒಂದು ವ್ಯತ್ಯಾಸ, ಅನಂತರ ಒದಗಿದ ಯಾವುದೋ ಒಂದು ಆಘಾತ. ಇವೆರಡರಲ್ಲಿ ಯಾವುದನ್ನೂ ತಡೆಯುವುದು ಅವರ ಕೈಯಲ್ಲಿರಲಿಲ್ಲ. ಈ ಮಾತನ್ನು ಅವರಿಗೆ ಧೈರ್ಯವಾಗಿ ಹೇಳುವಷ್ಟು ತಿಳಿವಳಿಕೆಯನ್ನು ವಿಜ್ಞಾನವು ಗಳಿಸಿಕೊಟ್ಟಿದೆ.

ಅಲರ್ಜಿಯ ನಂಟಿನ ಕಥೆ ಇನ್ನೂ ಮುಗಿದಿಲ್ಲ. ಒಂದು ಫಲಿತಾಂಶ ಬಂದೊಡನೆ ಅದನ್ನು ನಂಬಿ ಕುಳಿತುಕೊಳ್ಳದೆ, ಲೆಕ್ಕದ ಹಿಂದೆ ನಿಂತ ಮನುಷ್ಯರ ನೆನಪು, ಮರೆವು, ದುಃಖಗಳನ್ನೂ ಲೆಕ್ಕಕ್ಕೆ ಹಿಡಿದು ಮತ್ತೆ ಎಣಿಸಿದವರಿಂದ ಅದು ಇಷ್ಟು ದೂರ ಸಾಗಿ ಬಂದಿದೆ. ಈ ಸಹನೆ ಮತ್ತು ಪ್ರಾಮಾಣಿಕತೆಗಳು ತರಗತಿಯ ವಿಜ್ಞಾನಪಾಠದಲ್ಲೂ ನೆಲೆಗೊಂಡರೆ, ಮುಂದಿನ ಹೆಜ್ಜೆಯನ್ನು ಇಡುವವರು ನಮ್ಮ ಶಾಲೆಗಳ ಮಕ್ಕಳಲ್ಲೇ ಒಬ್ಬರಾಗಬಹುದು.